ಚಪ್ಪಾಳೆ ಬಿದ್ದರೆ ಮತ್ತೊಮ್ಮೆ

ಸೋಮವಾರ ಬೆಳಿಗ್ಗೆ ಒಂದೇ ಗಂಟೆಯೊಳಗೆ ನನಗೆ ಎರಡು ಪೆಟ್ಟು ಬಿದ್ದವು. ಮೊದಲನೆಯದನ್ನು ಕೊಟ್ಟವಳು ಅಮ್ಮ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ನಾಳೆ ಮೋಡ ಇರಬಹುದು ಎನ್ನುವವಳ ಹಾಗೆ ಹೇಳಿದಳು: "ಭಾನುವಾರ ದೊಡ್ಡವನು ಬರ್ತಾನೆ. ಅವನ ಜೊತೆ ಹೋಗ್ತೀನಿ. ಇನ್ಮೇಲೆ ಅಲ್ಲೇ ಇರ್ತೀನಿ." ದೊಡ್ಡವನು ಎಂದರೆ ನನ್ನ ಅಣ್ಣ. ಎರಡನೆಯ ಪೆಟ್ಟು ಕೆಲಸದ ಜಾಗದಲ್ಲಿ ಕಾದಿತ್ತು. ಆರು ವಾರದಿಂದ ನಾನು ಓದುತ್ತಿದ್ದ ಪುಸ್ತಕ ಮೂರನೆಯ ಸಲ ವಾಪಸು ಬಂದಿತ್ತು. ಕೆಟ್ಟವನು ಕೆಟ್ಟವನ ಹಾಗೆ ಕೇಳಿಸುತ್ತಿಲ್ಲವಂತೆ.

ನನ್ನ ಕೆಲಸವೇ ಓದುವುದು. ಕಣ್ಣು ಕಾಣದವರಿಗೆ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕಳಿಸುವ ಗ್ರಂಥಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಓದುತ್ತಿದ್ದೇನೆ. ಅಲ್ಲಿ ನನ್ನನ್ನು ಎಲ್ಲರೂ ಜೇನು ಎಂದು ಕರೆಯುತ್ತಾರೆ, ದನಿ ಹಾಗಿದೆಯಂತೆ. ನಾನು ಓದುವ ಕೋಣೆ ಹಿಂದೆ ಸಾಮಾನು ತುಂಬುವ ಕೋಣೆಯಾಗಿತ್ತು. ಈಗ ನಾಲ್ಕು ಗೋಡೆಗೂ ಹಳೆಯ ರಜಾಯಿ ಹೊಡೆದಿದ್ದಾರೆ. ಸದ್ದು ಮಾಡುತ್ತದೆಂದು ಫ್ಯಾನ್ ಇಲ್ಲ. ಸರಬರ ಎನ್ನದ ಹತ್ತಿ ಬಟ್ಟೆಯನ್ನೇ ಉಟ್ಟು ಬರಬೇಕು, ಹೊಟ್ಟೆ ಗುರ್ ಎನ್ನದಷ್ಟು ತಿಂದಿರಬೇಕು, ತೇಗು ಬರದಷ್ಟು ಬಿಟ್ಟಿರಬೇಕು. ಬಾಯಿ ಅಂಟದಿರಲಿ ಎಂದು ನಡುನಡುವೆ ಹುಳಿ ಸೇಬು ಕಚ್ಚಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ಗಂಟಲು ಕಾಪಾಡಿಕೊಳ್ಳಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಮ್ಮೆಯೂ ಯಾರ ಮೇಲೂ ಕೂಗಾಡಿಲ್ಲ. ಇದನ್ನು ನಾನು ಬಹಳ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಒಳಗೆ ಒಂದೇ ನಿಯಮ. ತಪ್ಪು ಓದಿದರೆ ಯಂತ್ರ ನಿಲ್ಲಿಸುವಂತಿಲ್ಲ. ಒಂದು ಚಪ್ಪಾಳೆ ಹೊಡೆದು ಅದೇ ವಾಕ್ಯವನ್ನು ಮತ್ತೊಮ್ಮೆ ಓದಬೇಕು. ಗಾಜಿನ ಆಚೆ ಕೂತವನ ಪರದೆಯ ಮೇಲೆ ನನ್ನ ಮಾತು ಸಣ್ಣ ಸಣ್ಣ ಅಲೆಗಳಾಗಿ ಸಾಗುತ್ತಿರುತ್ತದೆ. ಚಪ್ಪಾಳೆ ಬಿದ್ದ ಕಡೆ ಗೆರೆ ಕಂಬದ ಹಾಗೆ ಎದ್ದು ನಿಲ್ಲುತ್ತದೆ. ಸಂಜೆ ಅವನು ಎಲ್ಲವನ್ನೂ ಕೇಳುತ್ತಾ ಕೂರುವುದಿಲ್ಲ. ಕಂಬಗಳನ್ನು ಹುಡುಕಿಕೊಂಡು ಹೋಗಿ, ಕಂಬದ ಜೊತೆ ಅದರ ಹಿಂದಿನ ತಪ್ಪು ವಾಕ್ಯವನ್ನೂ ಕತ್ತರಿಸಿ ಎಸೆಯುತ್ತಾನೆ. ಅದಕ್ಕೇ ಅವನ ಹೆಸರು ಕತ್ತರಿ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಾನೆ, ಗಂಟೆಗೊಂದು ಸಲ ಚಹಾಕ್ಕೆಂದು ಎದ್ದು ಹೋಗುತ್ತಾನೆ.

ಕತ್ತರಿಸಿ ಆದದ್ದು ಕಿವಿ ಮೇಷ್ಟ್ರ ಹತ್ತಿರ ಹೋಗುತ್ತದೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹುಟ್ಟು ಕುರುಡರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ಆಪರೇಟರ್ ಆಗಿದ್ದವರು. ನಮ್ಮ ಓದಿನಲ್ಲಿ ತಪ್ಪು ಹುಡುಕಿ ಹುಡುಕಿ ಮೇಷ್ಟ್ರಾದರು. ಅವರಿಗೆ ಎಪ್ಪತ್ತೆರಡು, ಅವರ ಕಿವಿಗೆ ಹದಿನೆಂಟು ಎಂದು ಕತ್ತರಿ ಹೇಳುತ್ತಾನೆ. ನಾನು ಮೂರನೆಯ ಪುಟದಲ್ಲಿ ಬಾಯಿ ಒರೆಸಿಕೊಂಡರೆ ಅವರಿಗೆ ಗೊತ್ತಾಗುತ್ತದೆ.

ಆ ಸಲ ನನ್ನ ಪಾಲಿಗೆ ಬಂದದ್ದು ಹಳೆಯ ಕಾಲದ ದೆವ್ವದ ಕತೆಯಂಥ ಕಾದಂಬರಿ, ಆದರೆ ಅದರಲ್ಲಿ ದೆವ್ವವಿಲ್ಲ. ಊರೆಲ್ಲ ಕೈಮುಗಿಯುವ ಒಬ್ಬ ದೊಡ್ಡ ಮನುಷ್ಯ, ಅವನೊಳಗಿಂದಲೇ ಆಗಾಗ ಹೊರಬಂದು ಕಂಡವರನ್ನು ತುಳಿದು ಹೋಗುವ ಇನ್ನೊಬ್ಬ. ಇಬ್ಬರೂ ಒಬ್ಬನೇ ಎಂಬುದು ಕೊನೆಗೆ ತಿಳಿಯುತ್ತದೆ. ನೂರು ವರ್ಷದಿಂದ ಜನ ಅದನ್ನು ಓದಿ ಹೆದರುತ್ತಿದ್ದಾರೆ. ನನಗೆ ಮಾತ್ರ ಹೆದರಿಕೆಯಾಗಲಿಲ್ಲ. ಒಳ್ಳೆಯವನಿಗೆ ನನ್ನ ಜೇನಿನ ದನಿ ಕೊಟ್ಟೆ. ಕೆಟ್ಟವನಿಗೆ ಗಂಟಲು ಗೊರಗೊರ ಮಾಡಿ, ಹಲ್ಲು ಕಡಿದು, ಒಮ್ಮೆ ಕೆಮ್ಮಿಯೂ ನೋಡಿದೆ.

"ಅದು ಕೆಟ್ಟವನಲ್ಲಮ್ಮ, ನೆಗಡಿಯಾದವನು," ಎಂದರು ಮೇಷ್ಟ್ರು ಸೋಮವಾರ ಫೋನಿನಲ್ಲಿ. "ನಿಜವಾಗ್ಲೂ ಕೆಟ್ಟವರು ಹೀಗೆಲ್ಲ ಕಷ್ಟಪಡಲ್ಲ. ನಾನು ಕೇಳಿದೀನಲ್ಲ, ಎಷ್ಟು ಜನರದ್ದು. ಅವರಿಗೆ ಅದು ಸಲೀಸು."

ನನಗೆ ಮೈ ಉರಿದುಹೋಯಿತು. ಕಾದಂಬರಿ ಓದುವುದು ನಾನು, ಕುಳಿತು ಕೊಂಕು ತೆಗೆಯುವುದು ಇವರು. ಆದರೆ ನಿಜ ಹೇಳಬೇಕೆಂದರೆ ಆ ದಿನ ನನ್ನ ಉರಿಗೆ ಮೇಷ್ಟ್ರು ಕಾರಣವಲ್ಲ. ಬೆಳಿಗ್ಗೆಯಿಂದ ಅಮ್ಮನ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಹೆಜ್ಜೆಹೆಜ್ಜೆಗೂ ಚುಚ್ಚುತ್ತಿತ್ತು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಯಾಕೆ ಹೋಗುತ್ತಾಳೆ? ಅಣ್ಣನ ಮನೆಯಲ್ಲಿ ಮೂರನೇ ಮಹಡಿ. ಅತ್ತಿಗೆ ಕೆಟ್ಟವಳಲ್ಲ, ಆದರೆ ಹಗಲೆಲ್ಲ ಮನೆಯಲ್ಲಿರುವುದಿಲ್ಲ. ಇಲ್ಲಿ ಅಮ್ಮನಿಗೆ ಗೋಡೆ, ಮೂಲೆ, ಮೆಟ್ಟಿಲು ಎಲ್ಲ ಬಾಯಿಪಾಠ. ಆರು ವರ್ಷದಿಂದ ಅವಳ ಕಣ್ಣು ಆರುತ್ತಾ ಬಂದು ಈಗ ಬೆಳಕು ನೆರಳು ಮಾತ್ರ ಉಳಿದಿದೆ. ಅವಳ ಬಟ್ಟೆ, ಊಟ, ಔಷಧಿ ಎಲ್ಲ ನಾನೇ ನೋಡುತ್ತೇನೆ. ಎರಡು ಬಗೆಯ ಹನಿ ಹಾಕಿಕೊಳ್ಳಬೇಕು. ಸೀಸೆ ಎರಡೂ ಒಂದೇ ಥರ ಇರುವುದರಿಂದ ಹನ್ನೊಂದು ಗಂಟೆಯದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೇನೆ. ಇಷ್ಟೆಲ್ಲ ಮಾಡುವ ಮಗಳನ್ನು ಬಿಟ್ಟು ಹೋಗುತ್ತಾಳಂತೆ. ಅವಳು ಹೋದರೆ ಆ ಮನೆಯಲ್ಲಿ ನಾನೊಬ್ಬಳೇ.

ಸಂಜೆ ಮನೆಗೆ ಬಂದಾಗ ಅಮ್ಮ ಕಿಟಕಿಯ ಪಕ್ಕ ಕೂತು ನನ್ನನ್ನೇ ಕೇಳುತ್ತಿದ್ದಳು. ನಮ್ಮ ಗ್ರಂಥಾಲಯದಿಂದ ಅವಳಿಗೂ ಒಂದು ಪೆಟ್ಟಿಗೆ ಬಂದಿದೆ, ಅಂಗೈಯಗಲದ್ದು, ಐದು ಉಬ್ಬು ಗುಂಡಿಗಳದ್ದು. ನಾನು ಓದಿದ ಪುಸ್ತಕಗಳೆಲ್ಲ ಅದರಲ್ಲಿವೆ. ದಿನವಿಡೀ ಅದನ್ನು ಮಡಿಲಲ್ಲಿಟ್ಟುಕೊಂಡಿರುತ್ತಾಳೆ. ನಾನು ಬಾಗಿಲು ತೆಗೆದೊಡನೆ ಅವಳು ಗುಂಡಿ ಒತ್ತಿ ಅದನ್ನು ನಿಲ್ಲಿಸಿದಳು.

"ಯಾಕೆ ಹೋಗ್ತೀಯಾ ಅಂತ ಕೇಳಿದ್ರೆ ಹೇಳ್ತೀಯಾ?" ಎಂದೆ.

"ಬದಲಾವಣೆ ಇರಲಿ ಅಂತ."

"ಬದಲಾವಣೆ! ಇಲ್ಲೇನು ಕಮ್ಮಿಯಾಗಿದೆ?"

"ಏನೂ ಕಮ್ಮಿಯಿಲ್ಲ ಪುಟ್ಟಿ," ಎಂದಳು. ನಲವತ್ತೆಂಟು ವರ್ಷದವಳಾದರೂ ನಾನು ಅವಳಿಗೆ ಪುಟ್ಟಿಯೇ. "ನಿನಗೂ ಸ್ವಲ್ಪ ಬಿಡುವು ಬೇಕಲ್ಲ."

ಅಣ್ಣನೇ ಏನೋ ತಲೆಗೆ ತುಂಬಿದ್ದಾನೆ ಎಂದು ನಿರ್ಧರಿಸಿ ಅವನಿಗೆ ಫೋನ್ ಮಾಡಿದೆ. "ನನಗೇನು ಗೊತ್ತೇ, ಅವಳೇ ಕರೆದಳು. ಕಾರಣ ಕೇಳಿದ್ರೆ, ಪುಟ್ಟಿ ಕೆಲಸದಲ್ಲಿ ಬಹಳ ಸುಸ್ತಾಗ್ತಾಳೆ ಅಂದಳು," ಎಂದ. ಅವನ ದನಿಯಲ್ಲಿ ಯಾವ ಕಪಟವೂ ಇರಲಿಲ್ಲ. ದನಿಗಳ ವಿಷಯದಲ್ಲಿ ನಾನು ಮೋಸ ಹೋಗುವವಳಲ್ಲ.

ಮಂಗಳವಾರ ಕೆಟ್ಟವನ ಭಾಗಗಳನ್ನು ಮತ್ತೆ ಓದಲು ಕೂತೆ. ಫೋನನ್ನು ಒಳಗೆ ತರುವಂತಿಲ್ಲ. ಆದರೂ ತಂದಿದ್ದೆ, ಸದ್ದು ತೆಗೆದು ಪುಸ್ತಕದ ಪಕ್ಕ ಮಗುಚಿ ಇಟ್ಟಿದ್ದೆ. ಅಮ್ಮ ಮನಸ್ಸು ಬದಲಿಸಿ ಫೋನ್ ಮಾಡಬಹುದು ಎಂಬ ಆಸೆ, ಅಷ್ಟೆ. ಓದುತ್ತಿದ್ದದ್ದು ಒಂಬತ್ತನೆಯ ಅಧ್ಯಾಯ. ಕೆಟ್ಟವನು ಬೀಗ ಹಾಕಿದ ಕೋಣೆಯೊಳಗೆ ಕೂತು, ಬಾಗಿಲ ಆಚೆ ನಿಂತ ಆಳಿಗೆ ಔಷಧಿಯ ಸೀಸೆ ತರಲು ಹೇಳುತ್ತಿದ್ದಾನೆ. ಸರಿಯಾದ ಸೀಸೆ ಸಿಗುತ್ತಿಲ್ಲ. ಕೆಟ್ಟವನಿಗೆ ತಾಳ್ಮೆ ತಪ್ಪುತ್ತಿದೆ. ಕತ್ತರಿ ಗಾಜಿನ ಆಚೆಯಿಂದ ಲೋಟ ಎತ್ತಿ ತೋರಿಸಿ ಚಹಾಕ್ಕೆ ಹೋದ. ಯಂತ್ರ ಅದರ ಪಾಡಿಗೆ ಓಡುತ್ತಿತ್ತು. ಮೇಜಿನ ಮೇಲೆ ಫೋನಿನ ಅಂಚು ಮಿನುಗಿತು. ಅಮ್ಮ.

ಹೋಗಲ್ಲ ಕಣೆ ಎನ್ನುತ್ತಾಳೆ ಎಂದುಕೊಂಡೆ.

"ಪುಟ್ಟಿ, ರಬ್ಬರ್ ಬ್ಯಾಂಡ್ ಬಿದ್ದುಹೋಗಿದೆ. ಈಗ ಯಾವುದು ಹಾಕ್ಕೊಳ್ಳೋದು ಗೊತ್ತಾಗ್ತಿಲ್ಲ," ಎಂದಳು.

ಆಮೇಲೆ ನಾನು ಏನೇನು ಹೇಳಿದೆ ಎಂಬುದು ನನಗೆ ಆಗ ಗಮನದಲ್ಲೂ ಉಳಿಯಲಿಲ್ಲ. ದಿನವೂ ಹೇಳುವುದನ್ನೇ ಹೇಳಿದೆ. ಫೋನ್ ಇಟ್ಟೆ, ಒಂದು ಗುಟುಕು ನೀರು ಕುಡಿದೆ, ಬಿಟ್ಟ ಸಾಲಿನಿಂದ ಓದು ಮುಂದುವರಿಸಿದೆ. ಚಪ್ಪಾಳೆ ಹೊಡೆಯಲಿಲ್ಲ. ತಪ್ಪು ಮಾಡಿದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲವಲ್ಲ. ಚಪ್ಪಾಳೆ ಇಲ್ಲದ್ದರಿಂದ ಕಂಬ ಏಳಲಿಲ್ಲ, ಕಂಬ ಇಲ್ಲದ್ದರಿಂದ ಸಂಜೆ ಕತ್ತರಿ ಅಲ್ಲಿ ನಿಲ್ಲಲಿಲ್ಲ. ಒಂಬತ್ತನೆಯ ಅಧ್ಯಾಯ ಇದ್ದ ಹಾಗೇ ಮೇಷ್ಟ್ರ ಮನೆ ಸೇರಿತು.

ಗುರುವಾರ ಮೇಷ್ಟ್ರ ಫೋನ್ ಬಂತು. ಈ ಸಲ ಅವರು ಕೊಂಕು ತೆಗೆಯಲಿಲ್ಲ.

"ಒಂಬತ್ತರಲ್ಲಿ ಇಪ್ಪತ್ತಮೂರನೇ ನಿಮಿಷ," ಎಂದರು. "ಅಲ್ಲಿ ಸಿಕ್ಕಿದಾನೆ ನೋಡು ನಿನಗೆ ಅವನು. ಮೈ ಜುಮ್ಮೆಂದಿತು. ಕೂಗಿಲ್ಲ, ಗೊರಗೊರ ಇಲ್ಲ. ಹತ್ತಿರ ಬಂದು, ಮೆತ್ತಗೆ, ಒಂದೊಂದೇ ಮಾತು ಇಟ್ಟ ಹಾಗೆ. ಇದೇ ದನೀಲಿ ಪೂರ್ತಿ ಓದು."

ನಾನು ಬೀಗಿದೆ. "ನಾನು ಹೇಳಿರಲಿಲ್ವಾ ಮೇಷ್ಟ್ರೇ, ಬಂದೇ ಬರುತ್ತೆ ಅಂತ."

"ಒಂದೇ ಒಂದು ಅನುಮಾನ. ಆ ಆಳು ಕುರುಡ ಅಂತ ಹಿಂದೆ ಎಲ್ಲೂ ಬಂದಿಲ್ಲವಲ್ಲ? ನಾನೇನಾದ್ರೂ ಕೇಳಿಸಿಕೊಳ್ಳದೆ ಬಿಟ್ನಾ?"

"ಕುರುಡನಾ? ಇಲ್ವಲ್ಲ," ಎಂದೆ.

"ಹಾಗಾದ್ರೆ ಇನ್ನೊಂದ್ಸಲ ನೋಡಿಕೋ," ಎಂದು ಫೋನ್ ಇಟ್ಟರು.

ಕತ್ತರಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅವನು ಇಪ್ಪತ್ತಮೂರನೆಯ ನಿಮಿಷಕ್ಕೆ ಗೆರೆ ತಂದು, ಒಂದು ಹೆಡ್‌ಫೋನ್ ನನಗೆ ಕೊಟ್ಟು ಇನ್ನೊಂದನ್ನು ತಾನು ಹಾಕಿಕೊಂಡ. ಮೊದಲು ನನ್ನ ನೆಗಡಿಯ ದನಿ ಆಳಿನ ಮೇಲೆ ಹರಿಹಾಯುತ್ತಿತ್ತು. ಆಮೇಲೆ ಒಂದು ಸಣ್ಣ ನಿಲುಗಡೆ. ಆಮೇಲೆ ಯಾರೋ ಮಾತಾಡಿದರು.

"ಬಿದ್ದುಹೋಯ್ತಾ. ಸರಿ. ಮೊನ್ನೆ ಬಟ್ಟಲು, ನಿನ್ನೆ ಬಾಚಣಿಗೆ, ಇವತ್ತು ಇದು... ನೆಲದ ಮೇಲೆ ತಡಕು... ಸಿಗಲ್ವಾ? ಕಣ್ಣಂತೂ ಇಲ್ಲ. ಕೈಯೂ ಇಲ್ವಾ ನಿನಗೆ?... ಅಳೋದಾದ್ರೆ ಫೋನ್ ಇಟ್ಟು ಅಳು. ನನಗೆ ಕೆಲಸ ಇದೆ."

ಮತ್ತೆ ನಿಲುಗಡೆ. ನೀರಿನ ಗುಟುಕು. ಮತ್ತೆ ನನ್ನ ಓದು.

ಅಷ್ಟು ಚಂದದ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಒಂದಕ್ಷರ ಜಾರಿಲ್ಲ, ಉಸಿರು ಎಲ್ಲೂ ಕಟ್ಟಿಲ್ಲ, ಏರಿಲ್ಲ. ತಣ್ಣಗೆ, ಮುಖದ ಹತ್ತಿರ ಮುಖ ತಂದು ಹೇಳಿದ ಹಾಗೆ. ಗಂಟಲು ಕಾಪಾಡಿಕೊಂಡು ಬೈಯುವುದು ಹೇಗೆ ಎಂದು ಯಾರಾದರೂ ಪಾಠ ಮಾಡಬೇಕಿದ್ದರೆ ಇದನ್ನೇ ಹಾಕಬಹುದಿತ್ತು. ನನ್ನ ಕೈ ಹೆಡ್‌ಫೋನಿನ ಮೇಲೇ ನಿಂತಿತ್ತು. ಇನ್ನೊಮ್ಮೆ ಹಾಕು ಎಂದೆ. ಹಾಕಿದ. ಮೂರನೆಯ ಸಲ ಕೇಳಿದಾಗ ಕತ್ತರಿ ತನ್ನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಅಕ್ಕ, ಚಪ್ಪಾಳೆ ಇರಲಿಲ್ಲ. ಅದಕ್ಕೇ ನನಗೆ ಗೊತ್ತಾಗಲಿಲ್ಲ," ಎಂದ, ತಪ್ಪು ತನ್ನದೇ ಎನ್ನುವ ಹಾಗೆ. "ಕತ್ತರಿಸಿಬಿಡ್ತೀನಿ. ಎರಡು ಸೆಕೆಂಡ್ ಕೆಲಸ."

ಕತ್ತರಿಸಿದ. ಗೆರೆಯ ಎರಡು ತುದಿ ಸೇರಿಕೊಂಡವು. ಅಲ್ಲಿ ಏನಾದರೂ ಇತ್ತು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮುಖ ತೊಳೆದುಕೊಂಡು ಬಂದು, ಹೋಗಬೇಕಾಗಿಲ್ಲದ ಕಡೆಗೆಲ್ಲ ನಡೆದೆ. ಕಪಾಟುಗಳ ನಡುವೆ, ಮೆಟ್ಟಿಲ ಮೇಲೆ, ರಸ್ತೆಯ ಆಚೆ ಹೋಗಿ ವಾಪಸು. ಆರು ವರ್ಷದ ಮಾತುಗಳೆಲ್ಲ ತಲೆಯಲ್ಲಿ ಒಂದೊಂದಾಗಿ ಆ ದನಿಯಲ್ಲೇ ಓಡತೊಡಗಿದವು. ಕೂಗಿಲ್ಲ, ಕೂಗಿಲ್ಲ ಎಂದು ನಾನು ಹೆಮ್ಮೆಪಟ್ಟಿದ್ದ ಮಾತುಗಳು.

ಶುಕ್ರವಾರ ಕೆಟ್ಟವನನ್ನು ಓದಬೇಕಿತ್ತು. ಪುಸ್ತಕ ಶನಿವಾರಕ್ಕೆ ಮುಗಿಯಲೇಬೇಕು. ಆ ದನಿ ಬರಲಾರದು, ಸಿಟ್ಟು ಬಂದಾಗ ಮಾತ್ರ ಬರುವಂಥದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಒಳಗೆ ಕೂತೆ. ಬಾಯಿ ತೆರೆದದ್ದೇ ತಡ, ಬಂತು. ಕೈ ತೋರಿಸಿದೊಡನೆ ನಿಲ್ಲುವ ಬಸ್ಸಿನ ಹಾಗೆ ಬಂತು. ನಾಲ್ಕನೆಯ ಅಧ್ಯಾಯದಿಂದ ಹತ್ತನೆಯದರವರೆಗೆ ಒಂದೇ ಓಟ. ಚಪ್ಪಾಳೆ ಹೊಡೆಯುವ ಪ್ರಸಂಗವೇ ಬರಲಿಲ್ಲ. ಗಾಜಿನ ಆಚೆ ಕತ್ತರಿ ಚಹಾಕ್ಕೆ ಏಳದೆ ಪರದೆಯನ್ನೇ ನೋಡುತ್ತಾ ಕೂತಿದ್ದ. ಒಳ್ಳೆಯವನ ಮಾತು ಬಂದಾಗ ಮಾತ್ರ ನಾನು ತಡವರಿಸಿದೆ. ಜೇನಿನ ದನಿ ಹುಡುಕಿ ತರಬೇಕಾಯಿತು. ಎರಡು ಸಲ ಸೇಬು ಕಚ್ಚಬೇಕಾಯಿತು. ಯಾವುದು ನನ್ನದು, ಯಾವುದು ನಾನು ಉಟ್ಟುಕೊಳ್ಳುವುದು ಎಂಬುದು ಅಲ್ಲಿಗೆ ಗೊತ್ತಾಗಿಹೋಯಿತು ಅನ್ನಿಸಿತು. ಮೊದಲ ಸಲ ಆ ಪುಸ್ತಕ ನನ್ನನ್ನು ಹೆದರಿಸಿತು.

ಮಧ್ಯಾಹ್ನ ಮೇಷ್ಟ್ರಿಗೆ ನಾನೇ ಫೋನ್ ಮಾಡಿದೆ. ಸುಳ್ಳು ಹೇಳುವುದಕ್ಕೆ ತಯಾರಾಗಿದ್ದೆ. ಬಾಯಿಂದ ಬಂದದ್ದು ಬೇರೆ.

"ಮೇಷ್ಟ್ರೇ, ಆ ಕುರುಡನ ಮಾತು ಪುಸ್ತಕದಲ್ಲಿಲ್ಲ."

"ಗೊತ್ತು," ಎಂದರು.

"ಗೊತ್ತಾ?"

"ಪುಸ್ತಕದವನು ಬಾಗಿಲ ಹಿಂದಿನಿಂದ ಮಾತಾಡ್ತಿದ್ದ. ನೀನು ಫೋನಿನಲ್ಲಿ ಮಾತಾಡ್ತಿದ್ದೆ. ನಡುವೆ ನಿಲ್ಲಿಸ್ತಿದ್ದೆಯಲ್ಲ, ಅಲ್ಲಿ ಇನ್ನೊಬ್ಬರು ಉತ್ತರ ಕೊಡ್ತಿದ್ರು. ಮೂವತ್ತೈದು ವರ್ಷ ಬರೀ ಅದನ್ನೇ ಕೇಳಿದವನಿಗೆ ಅಷ್ಟೂ ತಿಳಿಯಲ್ವಾ?"

"ಮತ್ತೆ ಆಳು ಕುರುಡನಾ ಅಂತ ಯಾಕೆ ಕೇಳಿದ್ರಿ?"

"ಬೇರೆ ಹೇಗೆ ಕೇಳಬೇಕಿತ್ತು ಹೇಳು? ಎಕ್ಸ್‌ಚೇಂಜಲ್ಲಿ ನಮಗೆ ಕಟ್ಟುನಿಟ್ಟು, ಕೇಳಿಸಿಕೊಂಡದ್ದನ್ನ ಕೇಳಿಸಿಕೊಂಡೆ ಅನ್ನಬಾರದು." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ ಸದ್ದಾಯಿತು. "ಒಂದು ಮಾತು ಹೇಳ್ತೀನಮ್ಮ, ಬೇಜಾರು ಮಾಡ್ಕೋಬೇಡ. ಕಣ್ಣಿದ್ದವರು ಒಂದು ಮಾತು ಬೈಸಿಕೊಂಡ್ರೆ ಮುಖ ನೋಡ್ತಾರೆ. ಹುಬ್ಬು ಸಡಿಲ ಆಯ್ತಾ, ತುಟಿ ನಗ್ತಿದೆಯಾ, ನೋಡಿ ಸಮಾಧಾನ ಮಾಡ್ಕೋತಾರೆ. ನಮಗೆ ದನಿ ಒಂದೇ. ಅದು ಹೇಗಿತ್ತೋ ನೀವೂ ಹಾಗೇ."

ಶನಿವಾರ ಕೊನೆಯ ಅಧ್ಯಾಯ ಓದಿದೆ. ಅದರಲ್ಲಿ ಒಳ್ಳೆಯವನು ತನ್ನ ಕತೆಯನ್ನೆಲ್ಲ ಬರೆದಿಡುತ್ತಾನೆ. ಮೊದಮೊದಲು ಅವನು ಕರೆದಾಗ ಮಾತ್ರ ಇನ್ನೊಬ್ಬ ಬರುತ್ತಿದ್ದ. ಆಮೇಲಾಮೇಲೆ ಕರೆಯದೆಯೂ ಬರತೊಡಗಿದ. ಕಡೆಗೆ ಹೋಗು ಎಂದರೂ ಹೋಗದಾದ. ಆರು ವಾರದ ಹಿಂದೆ ಮನೆಯಲ್ಲಿ ಇದನ್ನು ಓದಿಕೊಂಡಾಗ, ಎಂಥಾ ಪೆದ್ದ ಇವನು, ಶುರುವಿನಲ್ಲೇ ಒಬ್ಬರಿಗೆ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತಲ್ಲ ಎಂದುಕೊಂಡಿದ್ದೆ. ಈಗ ಓದಿ ಮುಗಿಸಿ, ಸಾಮಾನು ಎತ್ತಿಕೊಂಡು, ಯಾರಿಗೂ ಹೇಳದೆ ಬೇಗ ಹೊರಟೆ.

ಮನೆಯಲ್ಲಿ ಅಮ್ಮ ಮಂಚದ ಮೇಲೆ ಚೀಲ ಇಟ್ಟುಕೊಂಡು ಬಟ್ಟೆ ತುಂಬುತ್ತಿದ್ದಳು. ಪ್ರತಿ ಬಟ್ಟೆಯ ಅಂಚನ್ನೂ ಬೆರಳಲ್ಲಿ ಮುಟ್ಟಿ, ಇದು ಯಾವುದೆಂದು ತಿಳಿದುಕೊಂಡು, ನಾಲ್ಕು ಮಡಿಕೆ ಮಾಡಿ ಇಡುತ್ತಿದ್ದಳು. ಎಲ್ಲಕ್ಕಿಂತ ಮೇಲೆ, ಸ್ವೆಟರಿನಲ್ಲಿ ಸುತ್ತಿ, ಆ ಪೆಟ್ಟಿಗೆ.

"ಅದನ್ನೂ ತಗೊಂಡು ಹೋಗ್ತೀಯಾ?" ಎಂದೆ.

"ಅದನ್ನ ಬಿಟ್ಟು ಹೇಗೆ ಹೋಗಲಿ?" ಎಂದಳು ಅಮ್ಮ. "ಅದರಲ್ಲಿ ನೀನಿದೀಯಲ್ಲ."

ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಅವಳು ಮಡಿಸುತ್ತಲೇ ಹೇಳಿದಳು. "ಅಲ್ಲಿ ಹೋದ್ರೆ ಇದೊಂದೇ ಕೇಳ್ತಾ ಇರಬಹುದು. ಇಲ್ಲಿ ಎರಡೂ ಕೇಳಿಸುತ್ತೆ. ಬೆಳಿಗ್ಗೆಯಿಂದ ಪುಟ್ಟಿ ಕತೆ ಹೇಳ್ತಾ ಇರ್ತಾಳೆ, ಎಷ್ಟು ಚೆನ್ನಾಗಿ ಹೇಳ್ತಾಳೆ, ನನಗೆ ಹೊತ್ತು ಹೋದದ್ದೇ ತಿಳಿಯಲ್ಲ. ಸಂಜೆ ಬಾಗಿಲು ತೆಗೆದ ಸದ್ದಾದ್ರೆ ಎದೆ ಡವಡವ ಅನ್ನುತ್ತೆ. ಯಾವಳು ಬಂದ್ಳೋ ಅಂತ."

ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ಜಗಳವಾಡಬಹುದಿತ್ತು. ಮಂಚದ ಕಾಲ ಬಳಿ ನೆಲದ ಮೇಲೆ ಕೂತೆ. ಕೂತಾಗ ಕಂಡಿತು, ಮಂಚದ ಕೆಳಗೆ, ಧೂಳಿನಲ್ಲಿ, ಆ ರಬ್ಬರ್ ಬ್ಯಾಂಡ್. ಗೋಡೆಯವರೆಗೂ ಉರುಳಿಹೋಗಿತ್ತು. ಮಂಗಳವಾರ ಅವಳು ಎಷ್ಟು ತಡಕಿದ್ದರೂ ಸಿಗುವಂತಿರಲಿಲ್ಲ. ಸಂಜೆ ಬೇರೊಂದನ್ನು ಸುತ್ತಿಕೊಟ್ಟಿದ್ದೆ, ಅವತ್ತು ಅವಳು ಹನಿ ಹಾಕಿಕೊಂಡಳೋ ಇಲ್ಲವೋ ಎಂದು ಕೇಳಿಯೂ ಇರಲಿಲ್ಲ.

ಅದನ್ನು ಎಳೆದು ಅವಳ ಕೈಗೆ ಕೊಡಲು ಎದ್ದೆ. ಅಷ್ಟರಲ್ಲಿ ಅವಳ ಮೊಣಕೈ ತಗುಲಿ ಹನಿಯ ಸೀಸೆ ನೆಲಕ್ಕೆ ಬಿದ್ದು ಉರುಳಿತು.

"ಶುರುವಾಯ್ತಾ," ಎಂದೆ. ಅದೇ ದನಿ. ಅಷ್ಟು ಅತ್ತಾದ ಮೇಲೆ, ಅಷ್ಟೆಲ್ಲ ಕೇಳಿಸಿಕೊಂಡ ಮೇಲೆ, ಅದೇ ತಣ್ಣನೆಯ ದನಿ. "ಒಂದು ನಿಮಿಷ ಸುಮ್ಮನೆ..."

ನನ್ನ ಕೈಗಳು ತಾವಾಗಿಯೇ ಮೇಲೆದ್ದು ಟಪ್ ಎಂದು ಹೊಡೆದುಕೊಂಡವು. ಇಪ್ಪತ್ತೆರಡು ವರ್ಷದ ಅಭ್ಯಾಸ. ಅಮ್ಮ ಬೆಚ್ಚಿದಳು.

"ಅಮ್ಮ, ಸೀಸೆ ಬಿತ್ತು. ಒಡೆದಿಲ್ಲ. ನಾನು ಎತ್ತಿಕೊಡ್ತೀನಿ," ಎಂದೆ.

"ಅದೇನದು ಚಪ್ಪಾಳೆ?"

ಹೇಳಿದೆ. ಓದುವಾಗ ತಪ್ಪಾದರೆ ಚಪ್ಪಾಳೆ ಹೊಡೆಯುತ್ತೇವೆ, ಅದೇ ವಾಕ್ಯವನ್ನು ಮತ್ತೊಮ್ಮೆ ಓದುತ್ತೇವೆ, ಹಿಂದಿನದನ್ನು ಕತ್ತರಿ ಕತ್ತರಿಸಿ ಹಾಕುತ್ತಾನೆ. ಪೆಟ್ಟಿಗೆಯಲ್ಲಿ ನೀನು ಕೇಳುವುದೆಲ್ಲ ಹಾಗೆ ಕತ್ತರಿಸಿ ಉಳಿದದ್ದು. ಮಂಗಳವಾರದ ಫೋನಿನ ಮಾತು ಪುಸ್ತಕದೊಳಗೆ ಸೇರಿಹೋದದ್ದನ್ನೂ ಹೇಳಿದೆ. ಮೇಷ್ಟ್ರು ಕೇಳಿದ್ದನ್ನೂ ಹೇಳಿದೆ. ತಪ್ಪಾಯಿತಮ್ಮ ಎಂದೆ. ಹೇಳುವಾಗ ಅಳು ಬಂದು ಮಾತು ಒಡೆದು ಒಡೆದು ಬಂತು, ಜೇನು ಗೀನು ಏನೂ ಇರಲಿಲ್ಲ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕೈಯಲ್ಲಿದ್ದ ರವಿಕೆಯ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ನಿಮ್ಮ ಹುಡುಗ ಕತ್ತರಿಸ್ತಾನೆ ಪುಟ್ಟಿ. ನನಗೆ ಕತ್ತರಿಸೋಕೆ ಬರಲ್ವಲ್ಲ," ಎಂದಳು. "ನನ್ನ ಕಿವೀಲಿ ಎರಡೂ ಇರುತ್ತೆ."

ಚೀಲದ ಜಿಪ್ಪನ್ನು ಎಳೆದು ಮುಚ್ಚಿದಳು.

ಭಾನುವಾರ ಹತ್ತು ಗಂಟೆಗೆ ಅಣ್ಣ ಬಂದ. ಕಾರನ್ನು ಯಾರದೋ ಗೇಟಿನ ಮುಂದೆ ನಿಲ್ಲಿಸಿ ಬಂದಿದ್ದ. ಬೇಗ ತೆಗೆಯಬೇಕು ಎಂದು ಒಂದೇ ಸಮನೆ ಕೀಲಿ ಆಡಿಸುತ್ತಿದ್ದ. ಬೆಳಿಗ್ಗೆಯಿಂದ ನಾನು ಮನೆಯೊಳಗೆ ಸುತ್ತಿ ಸುತ್ತಿ ಸುಸ್ತಾಗಿದ್ದೆ. ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ಮರೆತು ವಾಪಸು ಬರುತ್ತಿದ್ದೆ. ಬೇಡ, ಹೋಗಬೇಡ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳಲಿ? ಅಮ್ಮ ಬಾಗಿಲ ಬಳಿ ನಿಂತು ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದಳು. ಚೀಲ ಅಣ್ಣನ ಕೈಯಲ್ಲಿತ್ತು. ಹೊರಗೆ ಯಾರೋ ಹಾರನ್ ಒತ್ತಿದರು. ಅಮ್ಮನ ಕಾಲು ತಗುಲಿ ಒಂದು ಚಪ್ಪಲಿ ಮಗುಚಿ ಮೂಲೆಗೆ ಹೋಯಿತು.

"ಬಿಡು," ಎಂದೆ. ಮೆತ್ತಗೆ, ಅವಳಿಗಷ್ಟೇ ಕೇಳಿಸುವ ಹಾಗೆ. "ನಿನ್ನಿಂದ ಒಂದಾದ್ರೂ ನೆಟ್ಟಗೆ..."

ಅಮ್ಮ ಗೋಡೆ ಹಿಡಿದಿದ್ದ ಕೈಯನ್ನು ಬಿಟ್ಟಳು. ಎರಡೂ ಕೈ ಎದೆಯ ಮುಂದೆ ತಂದಳು. ಮೊದಲ ಸಲ ಒಂದು ಅಂಗೈ ಇನ್ನೊಂದನ್ನು ತಪ್ಪಿಸಿಕೊಂಡಿತು. ಎರಡನೆಯ ಸಲ ಸರಿಯಾಗಿ ಬಿತ್ತು.

ಟಪ್.

"ಏನಮ್ಮ, ಸೊಳ್ಳೆನಾ?" ಎಂದ ಅಣ್ಣ.

ಅಮ್ಮ ನನ್ನ ಕಡೆಗೆ ಮುಖ ತಿರುಗಿಸಿ, ತಲೆ ಸ್ವಲ್ಪ ವಾಲಿಸಿ, ಕಾಯುತ್ತಾ ನಿಂತಳು. ಓದಿನ ಕೋಣೆಯಲ್ಲಿ ಯಂತ್ರ ಶುರುವಾಗಿ ಕೆಂಪು ದೀಪ ಹತ್ತಿದಾಗ ಇರುವಷ್ಟು ನಿಶ್ಶಬ್ದ.

"ಚಪ್ಪಲಿ ಮೂಲೆಗೆ ಹೋಗಿದೆ ಅಮ್ಮ. ನಿಲ್ಲು, ತರ್ತೀನಿ," ಎಂದೆ. ದನಿ ನಡುಗಿತು, ನಡುವೆ ಒಂದು ಕಡೆ ಕೀರಲಾಯಿತು. ಕತ್ತರಿ ಇದ್ದಿದ್ದರೆ ಮತ್ತೊಮ್ಮೆ ಓದಿಸುತ್ತಿದ್ದ. "ನೀನು ಹೋಗೋದು ನನಗೆ ಇಷ್ಟ ಇಲ್ಲ. ಹೆದರಿಕೆ ಆಗ್ತಿದೆ. ಅದಕ್ಕೇ ಹಾಗೆ ಅಂದೆ."

"ಇದು ಪೆಟ್ಟಿಗೆಯವಳ ದನಿ ಅಲ್ಲ," ಎಂದಳು ಅಮ್ಮ ನಿಧಾನವಾಗಿ.

"ಅಲ್ಲ."

"ಸಂಜೆಯವಳದ್ದೂ ಅಲ್ಲ."

ಕೈ ಚಾಚಿ ಕುರ್ಚಿಯ ಬೆನ್ನು ಹುಡುಕಿ ಕೂತಳು. ಹೊರಗೆ ಮತ್ತೆ ಹಾರನ್ ಆಯಿತು. ಅಣ್ಣ ಅವಳನ್ನೂ ನನ್ನನ್ನೂ ನೋಡಿ ಚೀಲವನ್ನು ಎತ್ತಲೋ ಇಳಿಸಲೋ ಎಂದು ನಿಂತಿದ್ದ.

"ದೊಡ್ಡವನೇ, ಕಾರು ತೆಗಿ, ಪಾಪ ಯಾರಿಗೋ ಅಡ್ಡ ಆಗಿದೆ," ಎಂದಳು ಅಮ್ಮ. "ಬರೋ ಭಾನುವಾರ ಬಾ. ಚೀಲ ಅಲ್ಲೇ ಇರಲಿ, ಬಿಚ್ಚಬೇಡಿ."

ಇದೆಲ್ಲ ಆಗಿ ಎರಡು ತಿಂಗಳಾಯಿತು. ಪುಸ್ತಕ ಹೋಗಿ ಜನರನ್ನು ಹೆದರಿಸುತ್ತಿದೆಯಂತೆ. ಕೆಟ್ಟವನನ್ನು ಓದಿದವರು ಯಾರು ಎಂದು ಕೇಳಿ ನಾಲ್ಕು ಜನ ಫೋನ್ ಮಾಡಿದ್ದರಂತೆ. ಪೆಟ್ಟಿಗೆಯನ್ನು ಮಾತ್ರ ಅಮ್ಮ ಹೊರಗೆ ತೆಗೆದುಕೊಂಡಿದ್ದಾಳೆ. ಚೀಲ ಬಾಗಿಲ ಹಿಂದೆ, ಜಿಪ್ಪು ಹಾಕಿದ ಹಾಗೇ ಇದೆ. ಗುಡಿಸುವಾಗ ಅದನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಅಣ್ಣ ಫೋನ್ ಮಾಡಿ, "ಬರಲಾ, ಬೇಡವಾ?" ಎಂದು ಕೇಳುತ್ತಾನೆ. ಅಮ್ಮ ಒಡನೆ ಉತ್ತರ ಕೊಡುವುದಿಲ್ಲ. ವಾರವನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಾಳೆ ಎಂದು ಕಾಣುತ್ತದೆ. ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಕಿವಿಗೊಟ್ಟು ನಿಂತಿರುತ್ತೇನೆ.

ಈ ವಾರ ಮನೆಯಲ್ಲಿ ಇದುವರೆಗೆ ಐದು ಚಪ್ಪಾಳೆ ಬಿದ್ದಿವೆ. ಇವತ್ತಿನ್ನೂ ಶುಕ್ರವಾರ.